ಒಂದೇ ಕೈಬರಹದ ಎರಡು ಹಾಳೆ

ಕಳಚುತ್ತಿದ್ದದ್ದು ಎಡಗಿವಿಯ ಓಲೆಯೋ ಬಲಗಿವಿಯದೋ, ಗೊಂದಲ ಅಲ್ಲಿಂದಲೇ ಶುರು. ಫೋನು ಬಂದರೆ ಅವರು ಒಂದು ಓಲೆ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ಮಾತು ಮುಗಿದ ಮೇಲೆ ಹಾಕಿಕೊಳ್ಳಲು ಮರೆತು ಒಂಟಿ ಓಲೆಯಲ್ಲೇ ಕ್ಲಾಸಿಗೆ ಹೋಗುತ್ತಿದ್ದರು. ಇಷ್ಟು ಮಾತ್ರ ಖಂಡಿತ ಎಂದು ಬರೆದು, ಆ 'ಖಂಡಿತ'ವನ್ನೇ ನೋಡುತ್ತ ಕೂತಿದ್ದೇನೆ. ಹಾಗೆ ನಡೆದದ್ದು ಒಂದೇ ಒಂದು ಸಲ ಇರಬಹುದು. ಒಂದು ಸಲ ಕಂಡದ್ದನ್ನು 'ಮಾಡುತ್ತಿದ್ದರು' ಎಂದು ಬರೆದುಬಿಟ್ಟರೆ ಅದು ಆ ಮನುಷ್ಯರ ಸ್ವಭಾವವಾಗಿ ಕೂತುಬಿಡುತ್ತದೆ. ಆಮೇಲೆ ಅಲ್ಲಾಡಿಸಲು ಬರುವುದಿಲ್ಲ.

ಇನ್ನೂ ಅನುಮಾನದ ಸಂಗತಿಯೆಂದರೆ, ನನ್ನ ನೆನಪಿನಲ್ಲಿ ಅವರು ಕನ್ನಡ ಮಾತಾಡುತ್ತಾರೆ. ನ್ಯೂಆರ್ಕ್‌ನಲ್ಲಿ ಹುಟ್ಟಿ, ಅಲ್ಲೇ ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಕಪ್ಪು ಜನಾಂಗದ ಹೆಂಗಸು. ಕನ್ನಡ ಎಂಬ ಭಾಷೆ ಇರುವುದೇ ಅವರಿಗೆ ಗೊತ್ತಾದದ್ದು ನನ್ನಿಂದ. ಆದರೂ ನೆನಪಿನಲ್ಲಿ ಅವರು ಮೊದಮೊದಲು ನನ್ನನ್ನು 'ನೀವು' ಅನ್ನುತ್ತಾರೆ, ಆಮೇಲೆ ಒಂದು ಶುಕ್ರವಾರದಿಂದ 'ನೀನು' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವೇ ಇಲ್ಲ. ಹಾಗಾಗಿ ಬದಲಾಯಿಸಿದ್ದು ನಾನೇ. ಆ ಶುಕ್ರವಾರದ ವಿಷಯವೇ ಇಲ್ಲಿ ಬರೆಯಬೇಕಾಗಿರುವುದು.

ಅವರ ಹೆಸರು ಬರೆಯುವುದಿಲ್ಲ. ಹಾಳೆಯ ಮೂಲೆಯ ಹೆಸರನ್ನು ಒಳಕ್ಕೆ ಮಡಿಸಿ ಪಿನ್ನು ಹೊಡೆಯುವುದನ್ನು ಕಲಿಸಿದವರ ಹೆಸರನ್ನೇ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಎಂ.ಎಸ್ಸಿ ಮುಗಿಸಿ, ಒಂದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ನಾನು ಗಣಿತದಲ್ಲಿ ಡಾಕ್ಟರೇಟ್ ಮಾಡಲು ನ್ಯೂಜೆರ್ಸಿಗೆ ಬಂದಿದ್ದೆ. ಖರ್ಚಿಗೆ ಡಿಪಾರ್ಟ್‌ಮೆಂಟಿನಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ: ಮೊದಲ ವರ್ಷದವರಿಗೆ ಲೆಕ್ಕ ಮಾಡಿಸುವುದು, ಅವರ ಪೇಪರು ತಿದ್ದುವುದು. ನಾವು ಐದು ಜನ ಅಸಿಸ್ಟೆಂಟರು. ಹಿಂದಿನ ವರ್ಷ ವಿದ್ಯಾರ್ಥಿಗಳು ಗಲಾಟೆ ಮಾಡಿ, ಕಪ್ಪು ಜನಾಂಗದವರನ್ನು ಹೆಚ್ಚು ಸೇರಿಸಿಕೊಳ್ಳಬೇಕು, ಕಲಿಸುವುದಕ್ಕೂ ತರಬೇಕು ಎಂದು ಕೇಳಿದ ಮೇಲೆ ಇವರನ್ನು ನೇಮಿಸಿ ಮೊದಲ ವರ್ಷದ ಪಾಠದ ಉಸ್ತುವಾರಿ ಕೊಟ್ಟಿದ್ದರು. ಡಾಕ್ಟರೇಟ್ ಇರಲಿಲ್ಲ. ಪ್ರೊಫೆಸರುಗಳು ಅವರನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದರು, ಕಾಫಿಗೆ ಮಾತ್ರ ಕರೆಯುತ್ತಿರಲಿಲ್ಲ. ಇದನ್ನು ಆಗ ಗಮನಿಸಿದ್ದೆನೋ ಈಗ ಸೇರಿಸುತ್ತಿದ್ದೇನೋ ತಿಳಿಯದು. ನನ್ನನ್ನೂ ಕರೆಯುತ್ತಿರಲಿಲ್ಲ, ಆದ್ದರಿಂದ ನಾನು ಕಂಡಿರುವ ಸಾಧ್ಯತೆ ಕಡಿಮೆ.

ಮೊದಲ ವಾರ ನನ್ನನ್ನು ಅವರ ಕ್ಲಾಸಿನಲ್ಲಿ ಬೋರ್ಡಿನ ಪಕ್ಕ ಕೂರಿಸಿದ್ದರು. ಅವರು ಪ್ರಶ್ನೆ ಕೇಳಿದ ಮರುಕ್ಷಣ ಮುಂದಿನ ಸಾಲಿನಲ್ಲಿ ಕೈಗಳು ಎದ್ದವು. ಅವರು ಯಾರನ್ನೂ ಕರೆಯಲಿಲ್ಲ. ನಗುತ್ತ ನಿಂತಿದ್ದರು. ಮೌನ ಬೆಳೆಯಿತು. ಅವರಿಗೆ ಪಾಠ ಮರೆತುಹೋಗಿದೆ ಎಂದುಕೊಂಡೆ. ಆಗ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವರ ಕೈ ಕಂಡಿತು: ಒಂದೊಂದಾಗಿ ಬೆರಳು ಮಡಿಸುತ್ತಿದ್ದರು. ಎಂಟಕ್ಕೋ ಒಂಬತ್ತಕ್ಕೋ ಕೊನೆಯ ಸಾಲಿನಿಂದ ಒಂದು ಕೈ ಅರ್ಧ ಎದ್ದು ಇಳಿಯಿತು. "ಹಾಂ, ಅರ್ಧ ಎತ್ತಿದವರು. ಹೇಳಿ."

ಆಮೇಲೆ ನನಗೆ ಹೇಳಿದರು: "ಹತ್ತು ಎಣಿಸಿ. ಬೇಗ ಎತ್ತುವ ಕೈಗಳು ಎತ್ತಿ ಎತ್ತಿ ಅಭ್ಯಾಸವಾದ ಕೈಗಳು. ಮಿಕ್ಕವರಿಗೆ ಇದು ತಮ್ಮನ್ನು ಕೇಳಿದ ಪ್ರಶ್ನೆ ಅಂತ ನಂಬುವುದಕ್ಕೇ ಆರು ಸೆಕೆಂಡು ಬೇಕು."

ನಾನೂ ಎಣಿಸಿದೆ. ಆದರೆ ನಮ್ಮದು ಹೆಬ್ಬೆರಳಿನಿಂದ ಗೆಣ್ಣು ಮುಟ್ಟಿ ಎಣಿಸುವ ಲೆಕ್ಕ. ಒಂದು ಕೈಯಲ್ಲಿ ಹನ್ನೆರಡಾಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಎರಡು ಸೆಕೆಂಡು ಹೆಚ್ಚೇ ಸಿಗುತ್ತಿತ್ತು. ಇದನ್ನು ಹೇಳಿದಾಗ ಅವರು ನನ್ನ ಕೈ ಹಿಡಿದು ಗೆಣ್ಣುಗಳನ್ನು ಎಣಿಸಿ ನೋಡಿ, "ಮುಂದಿನ ಜನ್ಮಕ್ಕೆ ನಿಮ್ಮೂರಿಗೆ ಬರುತ್ತೇನೆ" ಅಂದರು. ಚರ್ಚಿಗೆ ಹೋಗುವವರು ಮುಂದಿನ ಜನ್ಮ ಎಂದಾರೆಯೇ? ಬೇರೇನೋ ಅಂದಿರಬೇಕು.

ಎರಡನೇ ಪಾಠ ಹೆಸರು ಮಡಿಸುವುದು. ಪರೀಕ್ಷೆಯ ಹಾಳೆಯ ಬಲಮೂಲೆಯಲ್ಲಿ ಹೆಸರು, ಆ ಮೂಲೆಯನ್ನು ಮಡಿಸಿ ಪಿನ್ನು. ಎಲ್ಲರ ಅಂಕ ಪುಸ್ತಕಕ್ಕೆ ಏರುವ ತನಕ ಪಿನ್ನು ಕೀಳುವ ಹಾಗಿಲ್ಲ. ಮಿಕ್ಕ ಅಸಿಸ್ಟೆಂಟರು ಗೊಣಗಿದರು. ನಾನು ಮಾತ್ರ ಹೆಮ್ಮೆಯಿಂದ ಬಾಯಿಬಿಟ್ಟೆ.

"ನಮ್ಮಲ್ಲಿ ಇದು ಯಾವ ಕಾಲದಿಂದಲೋ ಇದೆ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಹೆಸರೇ ಬರೆಯುವ ಹಾಗಿಲ್ಲ. ಬರೀ ರಿಜಿಸ್ಟರ್ ನಂಬರು."

"ಹೌದಾ! ಯಾಕೆ?"

"ಪಕ್ಷಪಾತ ಆಗಬಾರದಲ್ಲ."

"ಹೆಸರು ಕಂಡರೆ ಏನು ಗೊತ್ತಾಗಿಬಿಡುತ್ತೆ?"

"ಏನೂ ಇಲ್ಲ" ಅಂದೆ.

ಅದು ಸುಳ್ಳು. ಮೈಸೂರಿನಲ್ಲಿ ಹುಟ್ಟಿದ ಯಾರನ್ನು ಬೇಕಾದರೂ ಕೇಳಿ. ಹೆಸರು, ಅದರ ಬಾಲ, ತಂದೆಯ ಹೆಸರು, ಸಾಲದಿದ್ದರೆ "ಮೂಲ ಯಾವೂರು?" ಎಂಬ ಒಂದು ಪ್ರಶ್ನೆ. ಅಷ್ಟರಲ್ಲಿ ಮನುಷ್ಯ ಅವನವನ ಗೂಡಿಗೆ ಸೇರಿಬಿಡುತ್ತಾನೆ. ನನ್ನ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದ ಹಿರೇಮಠ, ಧಾರವಾಡದವನು, ಕೆಮಿಸ್ಟ್ರಿ ಓದುತ್ತಿದ್ದವನು, ನಮ್ಮ ಮೊದಲ ಭೇಟಿಯ ಬಗ್ಗೆ ಬಂದವರಿಗೆಲ್ಲ ಹೇಳುತ್ತಿದ್ದ: "ನನ್ನ ಹೆಸರ ಕೇಳಿದ್ದಾ ತಡ, ಇವನ ಕಣ್ಣಾಗ ಒಂದು ಕಪಾಟು ತೆರೀತು ನೋಡ್ರಿ. ಒಳಗ ಇಟ್ಟಾ, ಮುಚ್ಚಿದಾ. ಆಮ್ಯಾಲೆ ಬಾಯಿ ತುಂಬ ನಕ್ಕಾ."

ಅಕ್ಟೋಬರಿನ ಪರೀಕ್ಷೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಹನ್ನೆರಡು ಅಂಗುಲದ ಚೌಕ ರಟ್ಟು. ನಾಲ್ಕು ಮೂಲೆಯಲ್ಲೂ ಒಂದೇ ಅಳತೆಯ ಪುಟ್ಟ ಚೌಕ ಕತ್ತರಿಸಿ, ಅಂಚು ಮೇಲಕ್ಕೆ ಮಡಿಸಿ ಮುಚ್ಚಳವಿಲ್ಲದ ಡಬ್ಬಿ ಮಾಡಬೇಕು. ಎಷ್ಟು ಕತ್ತರಿಸಿದರೆ ಡಬ್ಬಿಯಲ್ಲಿ ಅತಿ ಹೆಚ್ಚು ಹಿಡಿಸುತ್ತದೆ? ಎಲ್ಲರೂ ಪುಸ್ತಕದ ವಿಧಾನದಲ್ಲಿ ಮಾಡಿದ್ದರು. ಎರಡು ಪೇಪರಿನಲ್ಲಿ ಮಾತ್ರ, ವಿಧಾನಕ್ಕೆ ಮೊದಲು, ಬದಿಯಲ್ಲಿ ಒಂದು ಪುಟ್ಟ ಪಟ್ಟಿ: ಒಂದಂಗುಲ ಕತ್ತರಿಸಿದರೆ ನೂರು, ಎರಡಕ್ಕೆ ನೂರ ಇಪ್ಪತ್ತೆಂಟು, ಮೂರಕ್ಕೆ ನೂರ ಎಂಟು. ಏರಿ ಇಳಿಯುವುದನ್ನು ಕಣ್ಣಿಂದ ಕಂಡು, ಆಮೇಲೆ ಗಣಿತ. ನಾನು ಹೇಳಿಕೊಟ್ಟಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಇಬ್ಬರಿಗೆ ಒಟ್ಟಿಗೆ ಹೊಳೆಯುವ ವಿಷಯ ಇದಲ್ಲ.

ಪಿನ್ನು ಕಿತ್ತೆ. ಕೀಳಬಾರದಾಗಿತ್ತು.

ಒಂದು ಪೇಪರು ಪೀಟರ್ ಎಂಬ ಹುಡುಗನದು. ಪ್ರಿನ್ಸ್‌ಟನ್ ಕಡೆಯ ಬಿಳಿಯರ ಮನೆಯವನು, ಮುಂದಿನಿಂದ ನಾಲ್ಕನೇ ಸಾಲು. ಇನ್ನೊಂದು ಲೊರೇನ್ ಎಂಬ ಹೆಂಗಸಿನದು. ಮೂವತ್ತನಾಲ್ಕೋ ಐದೋ ವಯಸ್ಸು, ಕಪ್ಪು ಜನಾಂಗದವರು. ಬೆಳಗ್ಗೆ ಆಸ್ಪತ್ರೆಯೊಂದರ ಅಡಿಗೆಮನೆಯಲ್ಲಿ ರೋಗಿಗಳ ಊಟದ ಟ್ರೇ ತುಂಬುವ ಕೆಲಸ, ಮಧ್ಯಾಹ್ನ ಕಾಲೇಜು. ಓದು ಬಿಟ್ಟು ವರ್ಷಗಳಾದವರಿಗೆಂದು ಹೊಸದಾಗಿ ತೆರೆದಿದ್ದ ಸ್ಕೀಮಿನಲ್ಲಿ ಬಂದವರು. ಆ ಸ್ಕೀಮಿನ ಷರತ್ತು ಎಲ್ಲರಿಗೂ ಗೊತ್ತಿತ್ತು: ಕಾಪಿ ಹೊಡೆದದ್ದು ಎಂದು ಒಂದು ಕಾಗದ ಡೀನ್ ಆಫೀಸಿಗೆ ಹೋದರೆ ಸೀಟು ಹೋಯಿತು, ಮತ್ತೆ ಸಿಗುವುದಿಲ್ಲ. ಶಾಲೆಯಲ್ಲಿ ಲೆಕ್ಕದ ಟೀಚರಾಗಬೇಕೆಂದು ಬಂದವರು ಆ ಟ್ರೇಗಳಿಗೇ ವಾಪಸು. ಅವರು ಕೂರುತ್ತಿದ್ದದ್ದು ಪೀಟರನ ಹಿಂದೆ.

ಮೈಸೂರಿನಲ್ಲಿ ಒಂದು ವರ್ಷ ಪರೀಕ್ಷೆಯ ಕೊಠಡಿ ಕಾದವನು ನಾನು. ಹಿಂದೆ ಕೂತವನು ಮುಂದಿನವನದನ್ನು ನೋಡಿ ಬರೆಯುತ್ತಾನೆ; ಮುಂದಿನವನಿಗೆ ಬೆನ್ನಲ್ಲಿ ಕಣ್ಣಿಲ್ಲ. ಇದು ನಮಗೆ ಹಿರಿಯ ಮೇಷ್ಟ್ರುಗಳು ದಾಟಿಸಿದ ನಿಯಮ. ಆ ನಿಯಮದ ಮೇಲೇ ನಡೆದೆ, ಬೇರೆ ಏನೂ ನನ್ನ ತಲೆಯಲ್ಲಿರಲಿಲ್ಲ ಎಂದು ಆಗ ನಂಬಿದ್ದೆ. ಪಿನ್ನು ಕೀಳಲು ಹಿಡಿದಷ್ಟು ಹೊತ್ತೂ ತೀರ್ಮಾನಕ್ಕೆ ಹಿಡಿಯಲಿಲ್ಲ. ಲೊರೇನ್ ಮೇಲೆ ದೂರು ಬರೆದು, ಎರಡೂ ಪೇಪರು ಜೊತೆಗಿಟ್ಟು, ಉಸ್ತುವಾರಿಯವರ ಸಹಿಗೆಂದು ಅವರ ಮೇಜಿನ ಕಾಗದದ ಟ್ರೇಯಲ್ಲಿ ಹಾಕಿದೆ. ಲೊರೇನ್‌ರನ್ನು ಒಂದು ಮಾತು ಕೇಳಲಿಲ್ಲ. ಕೇಳುವುದೇನಿದೆ?

ಮನೆಗೆ ಬಂದು ಹಿರೇಮಠನಿಗೆ ಹೇಳಿದೆ. ಅವನು ಉಪ್ಪಿಟ್ಟು ಕೆದಕುತ್ತಿದ್ದ. ಇಲ್ಲಿ ಬೆಳಗಿನ ಗಂಜಿಗೆಂದು ಮಾರುವ ನುಣುಪು ರವೆಯ ಉಪ್ಪಿಟ್ಟು, ಅಂಟಿನ ಹಾಗೆ ಆಗುತ್ತಿತ್ತು.

"ಯಾಕೋ, ಮುಂದಿನಾಂವ ತಿರುಗಿ ಹಿಂದ ನೋಡಂಗಿಲ್ಲೇನು? ಕುತ್ತಿಗಿ ಇಲ್ಲೇನು ಅವಂಗ?"

"ಅವನು ಯಾಕೆ ನೋಡ್ತಾನಯ್ಯಾ?"

"ಹಾಂ!" ಅಂದ, ಸೌಟು ಎತ್ತಿ. "ಅದ ನೋಡು. 'ಅವನು ಯಾಕೆ ನೋಡ್ತಾನೆ.' ಅಲ್ಲೋ, ಮನಿ ಖಾಲಿ ಅದ ಅಂತ ಫೋನಿನ್ಯಾಗ ಹೇಳಿ, ನಮ್ಮ ಮಾರಿ ನೋಡಿದ ಕೂಡ್ಲೆ ಇಲ್ಲ ಅಂದನಲ್ಲ ಆ ಮುದುಕಪ್ಪಾ, ಅವಾಗ ಎಷ್ಟ್ ಬೈದಿ ನೀ! ಈಗ ನೀನೂ ಹಂಗ ಬಾಗಲಾ ಹಾಕ್ಕೊಂಡಿಯಲ್ಲೋ."

ಸಿಟ್ಟು ಬಂತು. ಆ ಮುದುಕನಿಗೂ ನನಗೂ ಏನು ಸಂಬಂಧ? ನಾನು ಬಾಗಿಲ ಹೊರಗೆ ನಿಂತವನು. ಹೊರಗೆ ನಿಂತವನು ಬಾಗಿಲು ಹಾಕಿಕೊಳ್ಳುವುದು ಹೇಗೆ? ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಜಗಳ ತೆಗೆದೆ. ನಿಜಕ್ಕೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ಕರೆದರು. ಮೇಜಿನ ಮೇಲೆ ನನ್ನ ದೂರು, ಸಹಿಯಿಲ್ಲದೆ, ಅದರ ಕೆಳಗೆ ಮಡಿಸಿಟ್ಟ ಎರಡೂ ಪೇಪರು. ಪಕ್ಕದಲ್ಲಿ ಒಂದು ಓಲೆ. (ಓಲೆ ಆ ದಿನ ಇತ್ತೇ? ಇರಲಿ ಬಿಡಿ.) ನನ್ನ ಮುಂದೆ ಎರಡು ಹಾಳೆ ಇಟ್ಟರು. ಎರಡರಲ್ಲೂ ಅದೇ ಡಬ್ಬಿಯ ಲೆಕ್ಕ, ಎರಡೂ ಅವರದೇ ದುಂಡು ಕೈಬರಹ. ಮೇಲೆ ಎ ಎಂದೂ ಬಿ ಎಂದೂ ಗುರುತು.

"ನಿಮ್ಮ ಎರಡು ಉತ್ತರಗಳು. ನಾನೇ ಪ್ರತಿ ಮಾಡಿದೆ. ಅವರು ಹೊಡೆದು ಹಾಕಿದ್ದನ್ನು ನಾನೂ ಬರೆದು ಹೊಡೆದು ಹಾಕಿದ್ದೇನೆ. ನೀವು ಗಣಿತದವರು. ಯಾವುದು ಯಾವುದರ ಕಾಪಿ, ಹೇಳಿ."

ಮೊದಲ ಸಲ ನಾನು ಆ ಉತ್ತರಗಳನ್ನು ಓದಿದೆ. ಎ ಹಾಳೆಯ ಪಟ್ಟಿಯಲ್ಲಿ ಒಂದಂಗುಲಕ್ಕೆ ಮೊದಲು ನೂರ ಇಪ್ಪತ್ತೊಂದು ಎಂದು ಬರೆದು, ಹೊಡೆದು, ನೂರು ಎಂದು ತಿದ್ದಿತ್ತು. ಹನ್ನೆರಡರಲ್ಲಿ ಒಂದು ಕಳೆದು ಹನ್ನೊಂದು ಮಾಡಿಕೊಂಡಿದ್ದಾರೆ, ಆಮೇಲೆ ಎರಡೂ ಕಡೆ ಕತ್ತರಿಸುತ್ತೇವಲ್ಲ ಎಂದು ಹೊಳೆದು ಹತ್ತಕ್ಕೆ ಇಳಿಸಿದ್ದಾರೆ. ಬಿ ಹಾಳೆಯಲ್ಲಿ ನೇರ ನೂರು, ನೂರ ಇಪ್ಪತ್ತೆಂಟು, ನೂರ ಎಂಟು. ಒಂದು ತಪ್ಪಿಲ್ಲ, ಒಂದು ಗೀಟಿಲ್ಲ.

"ಎ ಮೂಲ" ಅಂದೆ. "ತಾನೇ ಯೋಚಿಸಿದವರು ತಪ್ಪು ಮಾಡಿ ತಿದ್ದಿಕೊಳ್ಳುತ್ತಾರೆ. ಕಾಪಿ ಹೊಡೆಯುವವರು ತಿದ್ದಿದ್ದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಬಿ ಕಾಪಿ."

"ಖಂಡಿತ?"

"ಖಂಡಿತ." ಖುಷಿಯಿಂದಲೇ ಹೇಳಿದೆ. ತರ್ಕ ಚೊಕ್ಕವಾಗಿತ್ತು.

ಎ ಹಾಳೆಯನ್ನು ಮಗುಚಿದರು. ಹಿಂದೆ ಪೆನ್ಸಿಲಿನಲ್ಲಿ ಸಣ್ಣಗೆ: ಲೊರೇನ್.

ಅವರು ಪೆನ್ನಿನ ಕ್ಯಾಪು ತೆಗೆದರು. "ಸರಿ. ಕಾಗದದಲ್ಲಿ ಹೆಸರು ಬದಲಾಯಿಸಿ ಕೊಡಿ. ಪೀಟರ್ ಅಂತ. ಸಹಿ ಹಾಕುತ್ತೇನೆ."

ನಾನು ತಕ್ಷಣ ಅಂದೆ: "ಅವನನ್ನು ಮೊದಲು ಒಂದು ಸಲ ಕರೆದು ಕೇಳಬೇಕಲ್ಲವಾ?"

ಈ ಒಂದು ಮಾತು ಮಾತ್ರ ನಾನು ಆಮೇಲೆ ಕಟ್ಟಿದ್ದಲ್ಲ. ಕಟ್ಟುವುದಾಗಿದ್ದರೆ ಬೇರೆ ಮಾತು ಕಟ್ಟುತ್ತಿದ್ದೆ.

ಅವರು ನನ್ನನ್ನೇ ನೋಡಿದರು. ಕೋಪವಿಲ್ಲ, ಗೆದ್ದ ನಗುವೂ ಇಲ್ಲ. "ಹೌದು" ಅಂದರು. "ಕೇಳಬೇಕು." ಕ್ಯಾಪು ಹಾಕಿ ಪೆನ್ನು ಒಳಗಿಟ್ಟರು. "ಹೋಗಿ ಕೇಳು. ಇಬ್ಬರನ್ನೂ."

ಮೆಟ್ಟಿಲು ಇಳಿಯುವಾಗ ನನಗೆ ಹೊಳೆಯಿತು ಎಂದು ಬರೆಯಲು ಕೈ ಹೋಗುತ್ತದೆ. ಹಾಗೆ ಮೆಟ್ಟಿಲ ಮೇಲೆ ಹೊಳೆಯುವುದೆಲ್ಲ ಕತೆಗಳಲ್ಲಿ. ಕೆಳಗೆ ಇಳಿದು ಪೀಟರನನ್ನು ಹುಡುಕುತ್ತ ಹೋದೆ ಅಷ್ಟೆ. ಪೀಟರನನ್ನೇ ಮೊದಲು. ಅವನು ಕ್ಯಾಂಟೀನಿನಲ್ಲಿದ್ದ. ಪಟ್ಟಿಯ ಬಗ್ಗೆ ಕೇಳಿದ್ದಕ್ಕೆ ಮುಖ ಅರಳಿಸಿಕೊಂಡು, "ಓ, ಅದಾ? ಲೊರೇನ್ ಹೇಳಿಕೊಟ್ಟದ್ದು. ಇಲ್ಲೇ, ಈ ಟೇಬಲ್ಲಿನಲ್ಲೇ. ನಾವು ನಾಲ್ಕು ಜನ ಪ್ರತಿ ಬುಧವಾರ ಅವರ ಹತ್ತಿರ ಕೂತುಕೊಳ್ಳುತ್ತೇವೆ. ಯಾಕೆ, ತಪ್ಪಾ? ಮಾರ್ಕ್ಸ್ ಕಳೀತೀರಾ?" ಅಂದ.

ಲೊರೇನ್ ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ. ಆಸ್ಪತ್ರೆಯ ಬಿಳಿ ಬೂಟು, ಮೊಣಕಾಲ ಮೇಲೆ ಪುಸ್ತಕ. ನಾನು ಸುತ್ತಿ ಬಳಸಿ ಶುರುಮಾಡಿದೆ. ಅವರು ಪುಸ್ತಕ ಮುಚ್ಚಿದರು.

"ನಾನು ಕಾಪಿ ಹೊಡೆದೆನಾ ಅಂತ ಕೇಳ್ತಾ ಇದೀರಿ."

"ಇಲ್ಲ. ಆ ಪಟ್ಟಿ ಎಲ್ಲಿಂದ ಬಂತು ಅಂತ."

"ಅಡಿಗೆಮನೆಯಿಂದ. ಇನ್ನೂರು ಜನಕ್ಕೆ ಸೂಪು ಮಾಡೋರು ಫಾರ್ಮುಲಾ ನೋಡಲ್ಲ. ಸ್ವಲ್ಪ ಹಾಕಿ ನೋಡ್ತೀವಿ, ಇನ್ನೊಂದು ಸ್ವಲ್ಪ ಹಾಕಿ ನೋಡ್ತೀವಿ, ಕೆಡೋಕೆ ಶುರುವಾದ್ರೆ ಹಿಂದಕ್ಕೆ ಬರ್ತೀವಿ. ಪೀಟರ್‌ಗೂ ನಾನೇ ಹೇಳಿಕೊಟ್ಟೆ. ಅವನನ್ನ ಕೇಳಿದ್ರಾ?"

"ಕೇಳಿದೆ."

"ನನ್ನನ್ನ ಕೇಳೋಕೆ ಮೊದಲಾ, ಆಮೇಲಾ?"

ಬಸ್ಸು ಬಂತು. ನನ್ನ ಪುಣ್ಯ. ಅವರು ಹತ್ತಿ, ಕಿಟಕಿಯಿಂದ, "ಸೋಮವಾರ ಕ್ಲಾಸಿಗೆ ಬರಬಹುದು ತಾನೇ?" ಎಂದು ಕೂಗಿದರು. ಅದನ್ನು ತಮಾಷೆಯ ಧಾಟಿಯಲ್ಲಿ ಕೂಗಿದರೆಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಿಲ್ಲ. "ಬನ್ನಿ, ಬನ್ನಿ" ಎಂದು ನಾನೂ ಕೂಗಿದೆ. ಬಸ್ಸು ಹೋದ ಮೇಲೆ ಸ್ಟಾಪಿನ ಬೆಂಚಿನ ಮೇಲೆ ಕೂತುಬಿಟ್ಟೆ. ಕಾಗದ ಇನ್ನೂ ಅವರ ಮೇಜಿನ ಮೇಲೇ ಇದೆ, ಡೀನ್ ಆಫೀಸಿಗೆ ಹೋಗಿಲ್ಲ: ಇದೊಂದನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಜೀವನದಲ್ಲಿ ದೊಡ್ಡ ತಪ್ಪು ಮಾಡಿದವರು ಬಹಳ ಜನ. ಮಾಡಿಯೂ ಅದು ಆಗದೇ ಉಳಿದುಬಿಟ್ಟವರು ಕಡಿಮೆ. ತಂಪು ಗಾಳಿ ಬೀಸುತ್ತಿತ್ತು. ಎರಡು ಬಸ್ಸು ಬಂದು ಹೋದವು.

ವಾಪಸು ಉಸ್ತುವಾರಿಯವರ ರೂಮಿಗೆ ಹೋದಾಗ ಅವರು ಕೋಟು ಹಾಕಿಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ, ದೂರನ್ನು ನನ್ನ ಕೈಗೆ ಕೊಟ್ಟು, "ಇದು ನಿನ್ನದು" ಅಂದರು. ಹರಿದೆ. ಅವರು ಕಸದ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. "ಉಸಿರು ಬಿಡು" ಅಂದರು. ಬಿಟ್ಟೆ.

ಅಂದಿನಿಂದ ನೆನಪಿನಲ್ಲಿ ನಾನು 'ನೀನು'.

ಮರುವರ್ಷ ಅವರು ಇದನ್ನೆಲ್ಲ ಇಡೀ ಡಿಪಾರ್ಟ್‌ಮೆಂಟಿಗೇ ನಿಯಮ ಮಾಡಬೇಕೆಂದು ಮೀಟಿಂಗಿನಲ್ಲಿ ಇಟ್ಟರು: ಹೆಸರು ಮಡಿಸುವುದು, ತಿದ್ದುವವರು ಪೇಪರು ಅದಲು ಬದಲು ಮಾಡಿಕೊಳ್ಳುವುದು, ದೂರು ಬರೆಯುವ ಮೊದಲು ಸಂಬಂಧಪಟ್ಟ ಎಲ್ಲರನ್ನೂ ಎದುರು ಕೂರಿಸಿ ಕೇಳುವುದು. ಹಿರಿಯ ಪ್ರೊಫೆಸರ್ ಒಬ್ಬರು, ಕೆಟ್ಟವರೇನಲ್ಲ, ನನ್ನ ಥೀಸಿಸ್ಸಿಗೂ ನೆರವಾದವರು, ಸೇದುವ ಪೈಪು ಕೈಯಲ್ಲಿ ಹಿಡಿದು ಹೇಳಿದರು:

"ಗಣಿತಕ್ಕೆ ಬಣ್ಣವಿಲ್ಲ, ಮೇಡಂ."

"ಗಣಿತಕ್ಕೆ ಬಣ್ಣವಿಲ್ಲ ಸರ್, ತಿದ್ದುವವರಿಗೆ ಕಣ್ಣಿದೆ."

ಇದು ಕನ್ನಡದಲ್ಲಿ ಇಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಅವರು ಹೀಗೆ ಅಂದಿರಲಾರರು. ಅರ್ಥ ಇದೇ, ಹೊಳಪು ನಾನು ಹಚ್ಚಿದ್ದು.

"ಆದರೂ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹಾಗೆ ಅನ್ಯಾಯ ಆದದ್ದು ಒಂದಾದರೂ ಉಂಟೇ? ಒಂದು ಉದಾಹರಣೆ?"

ನಮ್ಮ ಉಸ್ತುವಾರಿಯವರು ಎದ್ದು ನಿಂತಿದ್ದರು, ಕೈ ಬೆನ್ನ ಹಿಂದೆ. ನಾವು ಅಸಿಸ್ಟೆಂಟರು ಗೋಡೆಯ ಪಕ್ಕ, ಅವರ ಹಿಂದೆ ಕೂತಿದ್ದೆವು. ಬೆರಳು ಮಡಿಸುವುದು ನನಗೊಬ್ಬನಿಗೇ ಕಾಣುತ್ತಿತ್ತೋ ಎಲ್ಲರಿಗೂ ಕಾಣುತ್ತಿತ್ತೋ. ಒಂದು. ಎರಡು. ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಹುಶಃ ನಾನು ತಲೆ ತಗ್ಗಿಸುತ್ತಿದ್ದೆ. ವೀಸಾ, ಸ್ಕಾಲರ್‌ಷಿಪ್ಪು, ಆ ಪೈಪಿನವರ ಶಿಫಾರಸು ಪತ್ರ, ಎಲ್ಲ ಕಣ್ಣ ಮುಂದೆ ಬಂದವು. ಏಳು. ಎಂಟು.

ಕೈ ಎತ್ತಿದೆ. ಅರ್ಧವೇ ಎತ್ತಿದ್ದು.

ಹೇಳಿದೆ. ಎರಡು ಪೇಪರು, ಒಂದು ದೂರು, ಹಿಂದಿನ ಬೆಂಚಿನ ನಿಯಮ. ಇಂಗ್ಲಿಷು ಕೈಕೊಟ್ಟಿತು, ಆದರೂ ಹೇಳಿದೆ. ಪೈಪಿನವರು ಪೈಪನ್ನು ಮೇಜಿನ ಮೇಲಿಟ್ಟು, "ನೀವು ಹಾಗೆ ಮಾಡಿದರೆ ನಾನೂ ಮಾಡಿರಬಹುದು" ಅಂದರು. ನಿಯಮ ಪಾಸಾಯಿತು. ನನ್ನ ಮಾತಿನಿಂದಲೇ ಪಾಸಾಯಿತೋ, ಊಟದ ಹೊತ್ತಾಗಿದ್ದರಿಂದಲೋ, ಹೇಳಲಾರೆ. ಮನೆಗೆ ಹೋಗುವಾಗ ಮೈ ಎಷ್ಟು ಹಗುರವಾಗಿತ್ತೆಂದರೆ ಹಿರೇಮಠನ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ.

ಆದರೆ ಮೀಟಿಂಗಿನಲ್ಲಿ ಒಂದನ್ನು ಬಿಟ್ಟು ಹೇಳಿದ್ದೆ. ಪೀಟರನ ಹೆಸರು ಬಂದ ಕೂಡಲೇ 'ಮೊದಲು ಕೇಳಬೇಕು' ಅನ್ನಿಸಿದ್ದು, ಲೊರೇನ್ ಹೆಸರಿಗೆ ಅನ್ನಿಸದೇ ಇದ್ದದ್ದು. ಅದನ್ನು ಬರೆಯುತ್ತಿರುವುದು ಇದೇ ಮೊದಲು.

ವರ್ಷಗಳು ಕಳೆದವು. ನಾನು ಪಿಸ್ಕಾಟವೇಯಲ್ಲಿ ಟೆಲಿಫೋನು ಕಂಪನಿಯೊಂದರಲ್ಲಿ ಕೆಲಸ ಹಿಡಿದು, ಮದುವೆಯಾಗಿ, ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ ಮಾಡಿದೆ. ಲೊರೇನ್ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು ಎಂದು ಗೊತ್ತಾಯಿತು. ಕಳೆದ ತಿಂಗಳು ಕಾರ್ಡು ಬಂತು: ನಮ್ಮ ಉಸ್ತುವಾರಿಯವರು ನಿವೃತ್ತರಾಗುತ್ತಿದ್ದಾರೆ, ಡಿಪಾರ್ಟ್‌ಮೆಂಟಿನಲ್ಲಿ ಟೀ ಪಾರ್ಟಿ. ಕಾರ್ಡು ನೋಡುತ್ತ ಕೂತಾಗ, ಇಷ್ಟು ವರ್ಷ ಒಂದು ಸಲವೂ ತಟ್ಟದ ಪ್ರಶ್ನೆ ತಟ್ಟಿತು. ಆ ಎರಡು ಹಾಳೆ ಅವರೇ ಪ್ರತಿ ಮಾಡಿದ್ದು. ಮೂಲ ಪೇಪರುಗಳನ್ನು ನಾನು ಮತ್ತೆ ತೆರೆದು ನೋಡಲೇ ಇಲ್ಲ. ಲೊರೇನ್ ಪೇಪರಿನಲ್ಲಿ ನೂರ ಇಪ್ಪತ್ತೊಂದು ಎಂದು ಬರೆದು ಹೊಡೆದದ್ದು ನಿಜವಾಗಿ ಇತ್ತೇ? ಅಥವಾ ನನ್ನಂಥವನು ಯಾವ ಗುರುತಿಗೆ ಬೀಳುತ್ತಾನೆಂದು ತಿಳಿದು, ಅವರೇ ಒಂದು ತಪ್ಪನ್ನು ಬರೆದು, ಹೊಡೆದು ಇಟ್ಟರೇ?

ಹೆಂಡತಿಗೆ ಹೇಳಿದೆ.

"ಅಯ್ಯೋ, ಇಷ್ಟು ವರ್ಷ ಆದ್ಮೇಲೆ ಅದನ್ನ ಕೇಳ್ತೀರಾ? ಆ ಹೆಂಗಸು ಪಾಸಾದ್ಲು, ಟೀಚರ್ ಆದ್ಲು. ಇನ್ನೇನ್ ಬೇಕು ನಿಮಗೆ?"

"ಮೋಸ ಮಾಡಿ ನನಗೆ ಪಾಠ ಕಲಿಸಿದ್ರೋ, ನಿಜ ತೋರಿಸಿ ಕಲಿಸಿದ್ರೋ ಗೊತ್ತಾಗಬೇಡವಾ?"

"ಗೊತ್ತಾದ್ರೆ ಕಲ್ತಿದ್ದನ್ನ ವಾಪಸ್ ಕೊಡ್ತೀರಾ? ಸುಮ್ನೆ ಹೋಗಿ, ಕೇಕ್ ತಿಂದು ಬನ್ರೀ. ಡ್ರೈವ್ ಮಾಡ್ಕೊಂಡು ಹೋಗುವಾಗ ಹುಷಾರು."

ಹೋದೆ. ಅವರಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡೂ ಕಿವಿಯಲ್ಲಿ ಓಲೆಯಿತ್ತು. "ಹನ್ನೆರಡು ಎಣಿಸುವವನು!" ಎಂದು ನನ್ನ ಕೈ ಹಿಡಿದರು. ಸುತ್ತ ಜನ ತೆಳುವಾದಾಗ ಕೇಳಿಯೇಬಿಟ್ಟೆ.

"ಆ ಡಬ್ಬಿಯ ಲೆಕ್ಕ. ಎ ಹಾಳೆಯಲ್ಲಿ ನೂರ ಇಪ್ಪತ್ತೊಂದು ಹೊಡೆದು ಹಾಕಿತ್ತಲ್ಲ. ಅದು ಲೊರೇನ್ ಬರೆದದ್ದಾ, ನೀವು ಬರೆದದ್ದಾ?"

ಅವರ ಕೈಗಳು ಬೆನ್ನ ಹಿಂದೆ ಹೋದವು. ನಾನು ಎದುರಿಗಿದ್ದೆ, ಬೆರಳು ಕಾಣುವಂತಿರಲಿಲ್ಲ. ನನ್ನ ಹೆಬ್ಬೆರಳು ತಾನಾಗಿಯೇ ಗೆಣ್ಣು ಮುಟ್ಟತೊಡಗಿತು. ಹನ್ನೊಂದಕ್ಕೆ ಬಂದಾಗ ಯಾರೋ ಕೇಕು ಕತ್ತರಿಸಲು ಕರೆದರು.

"ನೀನು ಆ ದಿನ ಪೇಪರು ತೆರೆದು ನೋಡಬಹುದಿತ್ತಲ್ಲ" ಅಂದರು ಹೋಗುತ್ತ. "ಅಲ್ಲೇ ಮೇಜಿನ ಮೇಲೇ ಇತ್ತು."

ಪೇಪರುಗಳನ್ನು ಮುಂದಿನ ಸೋಮವಾರವೇ ವಿದ್ಯಾರ್ಥಿಗಳಿಗೆ ವಾಪಸು ಕೊಟ್ಟಿದ್ದೆ. ಲೊರೇನ್‌ರನ್ನು ಕೇಳಬಹುದು, ಅವರ ಶಾಲೆ ಇಲ್ಲಿಂದ ಅರ್ಧ ಗಂಟೆಯ ದಾರಿ. ಆದರೆ ಹಾಗೊಂದು ದೂರು ಇತ್ತೆಂದು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಗೀಟು ಯಾರು ಎಳೆದದ್ದು ಎಂಬುದೂ ಗೊತ್ತಿಲ್ಲ.